ಬಾಯಿ ಸುತ್ತ ಉರಿ, ಕೆಂಪು ಗುಳ್ಳೆ: ನಿಮಗೆ ಯಾವುದರಿಂದ ಕಡಿಮೆಯಾಯಿತು?

ಪ್ರಶ್ನೆ: ತುಂಬಾ ದಿನದಿಂದ ಬಾಯಿ ಸುತ್ತ ಸಣ್ಣ ಸಣ್ಣ ಕೆಂಪು ಗುಳ್ಳೆಗಳು. ಮುಖ ತೊಳೆದರೆ ಉರಿ, ಒಣಗಿದರೆ ಬಿಗಿತ. ಮನೆಯಲ್ಲಿದ್ದ ಒಂದು ಮುಲಾಮು ಹಚ್ಚಿದರೆ ಬೇಗ ಇಳಿಯುತ್ತದೆ, ಬಿಟ್ಟರೆ ಮೊದಲಿಗಿಂತ ಜಾಸ್ತಿ ಆಗುತ್ತದೆ. ಯಾರಿಗಾದರೂ ಹೀಗಾಗಿದೆಯಾ? ಏನು ಮಾಡಿದಿರಿ, ದಯವಿಟ್ಟು ಹೇಳಿ.

ಉತ್ತರ: ಅಕ್ಕ, ಮೊದಲು ಆ ಟ್ಯೂಬ್ ತಿರುಗಿಸಿ ಸಣ್ಣ ಅಕ್ಷರದಲ್ಲಿ ಏನು ಬರೆದಿದೆ ಓದಿ. ಬೆಟಾಮೆಥಾಸೋನ್, ಕ್ಲೋಬೆಟಸಾಲ್, ಮೊಮೆಟಾಸೋನ್, ಹೈಡ್ರೋಕಾರ್ಟಿಸೋನ್, ಇವುಗಳಲ್ಲಿ ಯಾವುದು ಕಂಡರೂ ಅದು ಸ್ಟಿರಾಯ್ಡ್. ತುರಿಕೆಗೆ, ಫಂಗಸ್‌ಗೆ ಅಂತ ಬರುವ ಎಷ್ಟೋ ಮಿಶ್ರ ಕ್ರೀಮ್‌ಗಳಲ್ಲೂ ಇದು ಸೇರಿರುತ್ತದೆ. ಹಚ್ಚಿದರೆ ಇಳಿಯುವುದು, ಬಿಟ್ಟರೆ ಏರುವುದು ಅಂದರಲ್ಲ, ಪೆರಿಓರಲ್ ಡರ್ಮಟೈಟಿಸ್ ಅನ್ನುವ, ಬಾಯಿ ಸುತ್ತ ಗುಳ್ಳೆ ಏಳುವ ಚರ್ಮದ ತೊಂದರೆಯಲ್ಲಿ ಹೀಗೇ ಆಗುವುದು. ಸ್ಟಿರಾಯ್ಡ್ ಆ ಕೆಂಪನ್ನು ಸ್ವಲ್ಪ ಹೊತ್ತು ಅದುಮಿ ಇಡುತ್ತದೆ ಅಷ್ಟೇ. ಒಳಗಿಂದ ವಾಸಿ ಮಾಡುವುದಿಲ್ಲ, ಬದಲಿಗೆ ತೊಂದರೆಯನ್ನು ಇನ್ನಷ್ಟು ಬೆಳೆಸುತ್ತದೆ.

ನನಗೂ ಇದೇ ಆಗಿತ್ತು. ಸ್ಕಿನ್ ಡಾಕ್ಟರ್ ಮುಖ ನೋಡುವುದಕ್ಕೂ ಮೊದಲೇ ‘ಏನೇನು ಹಚ್ಚುತ್ತಿದ್ದೀರಿ’ ಅಂತ ಕೇಳಿದರು. ಆಮೇಲೆ ಕನ್ನಡಿ ಹಿಡಿದು ತೋರಿಸಿದರು: ತುಟಿಯ ಅಂಚಿಗೆ ತಾಗಿದ ಒಂದು ಸಣ್ಣ ಪಟ್ಟಿಯಷ್ಟು ಚರ್ಮ ಚೆನ್ನಾಗಿಯೇ ಇತ್ತು, ಅದರಾಚೆಗೆ ಗದ್ದದವರೆಗೆ, ಮೂಗಿನ ಮಗ್ಗುಲಿನವರೆಗೆ ಗುಳ್ಳೆ. ಮೊಡವೆಯಲ್ಲಿ ಬರುವ ಬ್ಲ್ಯಾಕ್‌ಹೆಡ್ ಒಂದೂ ಇರಲಿಲ್ಲ. ಕೆಲವರಿಗೆ ಕಣ್ಣಿನ ಸುತ್ತಲೂ ಬರುತ್ತದಂತೆ. ಕಪ್ಪು ಮೈಬಣ್ಣದವರಿಗೆ ಕೆಂಪು ಅಷ್ಟಾಗಿ ಕಾಣದೆ ಕಂದು ಗುಳ್ಳೆಯಾಗಿ ಕಾಣಬಹುದು, ಅದಕ್ಕೇ ಎಷ್ಟೋ ಜನ ಮೊಡವೆ ಅಂದುಕೊಂಡು ಸುಮ್ನಿರುತ್ತಾರೆ.

ಅವರು ಹೇಳಿದ್ದು ಇಷ್ಟೇ, ಮುಖಕ್ಕೆ ಹಚ್ಚುವುದನ್ನೆಲ್ಲ ನಿಲ್ಲಿಸಿ. ಮುಲಾಮು, ಫೌಂಡೇಷನ್, ಪರಿಮಳದ ಫೇಸ್‌ವಾಶ್, ದಪ್ಪ ಕೋಲ್ಡ್ ಕ್ರೀಮ್, ಎಲ್ಲವೂ. ಉಗುರುಬೆಚ್ಚಗಿನ ನೀರು, ಬೇಕಾದರೆ ಪರಿಮಳವಿಲ್ಲದ ಮೆತ್ತನೆಯ ಕ್ಲೆನ್ಸರ್, ಅಷ್ಟೇ. ಉರಿ ಜಾಸ್ತಿಯಾದರೆ ತಣ್ಣೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಮೇಲಿಟ್ಟುಕೊಳ್ಳುತ್ತಿದ್ದೆ, ಉಜ್ಜುತ್ತಿರಲಿಲ್ಲ.

ಈಗ ಮುಖ್ಯ ವಿಷಯ. ಸ್ಟಿರಾಯ್ಡ್ ಬಿಟ್ಟ ಮೇಲೆ ಮುಖ ಮೊದಲಿಗಿಂತ ಕೆಟ್ಟದಾಗಿ ಕೆರಳುತ್ತದೆ, ಅದು ಕೆಲವು ವಾರ ಹಾಗೇ ಇರಬಹುದು, ಆಗಲೇ ಎಲ್ಲರ ಕೈ ಮತ್ತೆ ಅದೇ ಮುಲಾಮಿನ ಕಡೆ ಹೋಗುವುದು. ಹೀಗಾಗುತ್ತದೆ ಅಂತ ಡಾಕ್ಟರ್ ಮೊದಲೇ ಹೇಳಿದ್ದರಿಂದ ನಾನು ತಡೆದುಕೊಂಡೆ. ದಯವಿಟ್ಟು ನೀವೂ ತಡೆದುಕೊಳ್ಳಿ. ಆದರೆ ತುಂಬಾ ಕಾಲ ಗಟ್ಟಿ ಸ್ಟಿರಾಯ್ಡ್ ಹಚ್ಚಿದ್ದರೆ ಡಾಕ್ಟರನ್ನು ಕೇಳಿಯೇ ಬಿಡಿ, ಕೆಲವರಿಗೆ ಮೆದು ಸ್ಟಿರಾಯ್ಡ್‌ಗೆ ಇಳಿಸಿ ಆಮೇಲೆ ನಿಲ್ಲಿಸುತ್ತಾರೆ. ನನಗೆ ಮೆಟ್ರೊನಿಡಜೋಲ್ ಅನ್ನುವ ಆಂಟಿಬಯೋಟಿಕ್ ಜೆಲ್ ಕೊಟ್ಟರು. ಜಾಸ್ತಿ ಇದ್ದವರಿಗೆ ಡಾಕ್ಸಿಸೈಕ್ಲಿನ್‌ನಂಥ ಮಾತ್ರೆ 6ರಿಂದ 12 ವಾರ ಕೊಡುವುದುಂಟು. ಬಸುರಿಯರಿಗೆ, 8 ವರ್ಷದೊಳಗಿನ ಮಕ್ಕಳಿಗೆ ಅದನ್ನು ಸಾಮಾನ್ಯವಾಗಿ ಕೊಡುವುದಿಲ್ಲ, ಬೇರೆ ಔಷಧಿ ಇದೆ. ವಾರಕ್ಕೊಮ್ಮೆ ಒಂದೇ ಬೆಳಕಿನಲ್ಲಿ ಫೋಟೋ ತೆಗೆದಿಡಿ. ದಿನಾ ಕನ್ನಡಿ ನೋಡುವವರಿಗೆ ಗುಣವಾಗುತ್ತಿರುವುದು ಗೊತ್ತೇ ಆಗುವುದಿಲ್ಲ.

ಉತ್ತರ: ನನ್ನ ಮಗನದು ಬೇರೆ ಕಥೆ. ಅವನಿಗೆ ತುಟಿಯಿಂದಲೇ ಶುರುವಾಗಿ ಸುತ್ತ ಬಳೆಯಂತೆ ಕೆಂಪು, ಸರಿಯಾಗಿ ನಾಲಿಗೆ ಎಟುಕುವಷ್ಟು ದೂರಕ್ಕೆ. ತುಟಿ ನೆಕ್ಕುವ ಅಭ್ಯಾಸ. ಜೊಲ್ಲು ಒಣಗಿದಷ್ಟೂ ಚರ್ಮ ಬಿರಿಯುತ್ತದೆ, ಬಿರಿದಷ್ಟೂ ನೆಕ್ಕಬೇಕು ಅನ್ನಿಸುತ್ತದೆ. ಬೈದರೆ ಇನ್ನೂ ಜಾಸ್ತಿ ನೆಕ್ಕುತ್ತಿದ್ದ. ಪೆಟ್ರೋಲಿಯಂ ಜೆಲ್ಲಿ ದಪ್ಪಗೆ ಹಚ್ಚಿ ಮಲಗಿಸಿದೆವು, ಹಗಲಲ್ಲೂ ಆಗಾಗ ಹಚ್ಚುತ್ತಿದ್ದೆವು, ಅದರಲ್ಲೇ ಹೋಯಿತು. ಆದರೆ ಅಕ್ಕ, ಮೇಲೆ ಹೇಳಿದ ಗುಳ್ಳೆ ಇದ್ದವರಿಗೆ ಅದೇ ಜೆಲ್ಲಿ ಕೆರಳಿಸಬಹುದು. ನಿಮ್ಮದು ಯಾವುದು ಅಂತ ಗೊತ್ತಾಗುವ ಮೊದಲು ನಮ್ಮದನ್ನು ನೋಡಿ ಹಚ್ಚಬೇಡಿ.

ಉತ್ತರ: ಟೂತ್‌ಪೇಸ್ಟ್ ಕಡೆಗೂ ಗಮನ ಕೊಡಿ. ದಾಲ್ಚಿನ್ನಿ, ಪುದೀನದಂಥ ಖಾರದ ಪರಿಮಳ, ಜಾಸ್ತಿ ನೊರೆ ಬರಿಸುವ ಸೋಡಿಯಂ ಲಾರಿಲ್ ಸಲ್ಫೇಟ್, ಇವು ಕೆಲವರ ಚರ್ಮಕ್ಕೆ ಆಗುವುದಿಲ್ಲ. ನಾನು ಸಪ್ಪೆ ಪೇಸ್ಟ್‌ಗೆ ಬದಲಾಯಿಸಿದೆ. ಮೊದಲು ಹಲ್ಲುಜ್ಜಿ ಆಮೇಲೆ ಮುಖ ತೊಳೆಯುತ್ತೇನೆ, ಗದ್ದಕ್ಕೆ ಇಳಿದ ನೊರೆ ಅಲ್ಲೇ ಒಣಗುವುದಿಲ್ಲ. ಫ್ಲೋರೈಡ್ ಮೇಲೂ ಕೆಲವರಿಗೆ ಅನುಮಾನ ಇದೆ, ಆದರೆ ಹಲ್ಲಿನ ಡಾಕ್ಟರನ್ನು ಕೇಳದೆ ಅದನ್ನು ಬಿಡಬೇಡಿ.

ಉತ್ತರ: ಆಸ್ತಮಾಗೆ ಇನ್‌ಹೇಲರ್, ಮೂಗಿಗೆ ಸ್ಪ್ರೇ ತೆಗೆದುಕೊಳ್ಳುತ್ತೀರಾ? ಅವುಗಳಲ್ಲಿ ಸ್ಟಿರಾಯ್ಡ್ ಇದ್ದರೆ ಚರ್ಮಕ್ಕೆ ತಾಗಿಯೂ ಹೀಗಾಗಬಹುದು. ಖಂಡಿತ ನಿಲ್ಲಿಸಬೇಡಿ! ಉಸಿರಾಟದ ವಿಷಯ ಅದು. ಇನ್‌ಹೇಲರ್ ತುದಿಗೆ ಜೋಡಿಸುವ ಸ್ಪೇಸರ್ ಅನ್ನುವ ಕೊಳವೆ ಹಾಕಿಕೊಳ್ಳಿ, ತೆಗೆದುಕೊಂಡ ಕೂಡಲೇ ಬಾಯಿ ಮುಕ್ಕಳಿಸಿ, ಬಾಯಿ ಸುತ್ತ ನೀರಲ್ಲಿ ಒರೆಸಿ. ಮಾಸ್ಕ್ ಇಟ್ಟು ಔಷಧಿ ಕೊಡುವ ಮಕ್ಕಳಿಗೂ ಮುಖ ತೊಳೆಸಿ.

ಉತ್ತರ: ಬಾಯಿಯ ಎರಡು ಮೂಲೆಯಲ್ಲಿ ಮಾತ್ರ ಸೀಳಿದ್ದರೆ ಅದು ಬೇರೆ. ಅಲ್ಲಿ ಜೊಲ್ಲು ನಿಂತು ಫಂಗಸ್ ಬೆಳೆಯುತ್ತದೆ, ಸರಿ ಕೂರದ ಹಲ್ಲಿನ ಸೆಟ್ಟೂ ಕಾರಣವಾಗಬಹುದು. ಮತ್ತೆ ಮತ್ತೆ ಬಂದರೆ ಕಬ್ಬಿಣಾಂಶ, ಬಿ ವಿಟಮಿನ್ ಕಡಿಮೆಯಿದೆಯಾ ಅಂತ ರಕ್ತ ಪರೀಕ್ಷೆ ಮಾಡಿಸುತ್ತಾರೆ. ಚುಳುಚುಳು ಅಂದು ನೀರು ತುಂಬಿದ ಗುಳ್ಳೆ ಗೊಂಚಲಾಗಿ ಎದ್ದರೆ ಹರ್ಪಿಸ್ ಅನ್ನುವ ವೈರಸ್ ಸೋಂಕು ಇರಬಹುದು, ಜೇನಿನ ಬಣ್ಣದ ಹೊಪ್ಪಳೆ ಕಟ್ಟಿದರೆ ಬ್ಯಾಕ್ಟೀರಿಯಾ ಸೋಂಕು. ಎರಡೂ ಅಂಟುತ್ತವೆ, ತಡ ಮಾಡದೆ ತೋರಿಸಿ, ಟವಲ್ ಬೇರೆ ಇಟ್ಟುಕೊಳ್ಳಿ.

ಉತ್ತರ: ಎಲ್ಲರೂ ಚೆನ್ನಾಗಿ ಹೇಳಿದ್ದಾರೆ, ಒಂದು ಮಾತು ಸೇರಿಸುತ್ತೇನೆ. ಗುಳ್ಳೆ ಹೋದ ಮೇಲೆ ಕೆಲವರಿಗೆ ಕಲೆ ಉಳಿಯುತ್ತದೆ, ತಿಂಗಳುಗಟ್ಟಲೆ ಇರಬಹುದು, ತಾನಾಗಿ ತಿಳಿಯಾಗುತ್ತದೆ. ನನ್ನ ತಂಗಿ ಆ ಕಲೆ ಹೋಗಲಿ ಅಂತ ಬಿಳುಪಿನ ಕ್ರೀಮ್ ತಂದಳು, ಅದರಲ್ಲೂ ಸ್ಟಿರಾಯ್ಡ್ ಇತ್ತು, ಗುಳ್ಳೆ ಮತ್ತೆ ಬಂತು. ಕಲೆಗೆ ಏನಾದರೂ ಹಚ್ಚಲೇಬೇಕು ಅನ್ನಿಸಿದರೆ ಮೊದಲು ಡಾಕ್ಟರಿಗೆ ಆ ಡಬ್ಬಿ ತೋರಿಸಿ.