ಬಿಳಿ ರಕ್ತಕಣಕ್ಕೂ ಸೊಂಟ ನೋವಿಗೂ ಏನು ಸಂಬಂಧ?

ಮಲೆನಾಡ ಹುಡುಗಿ:
ಅಮ್ಮನಿಗೆ ನಿನ್ನೆ ಎರಡನೇ ಕೀಮೋ ಆಗಬೇಕಿತ್ತು. ಬಿಳಿ ಕಣ ಬರೀ 1,800 ಇದೆ ಅಂತ ಇಂಜೆಕ್ಷನ್ ಕೊಟ್ಟು ಒಂದು ವಾರ ಮುಂದಕ್ಕೆ ಹಾಕಿದರು. ರಾತ್ರಿಯಿಡೀ ಸೊಂಟ ನೋವು, ಅಮ್ಮ ಕಣ್ಣು ಮುಚ್ಚಿಲ್ಲ. ಚಿಕ್ಕಮ್ಮ ಬೀಟ್‌ರೂಟ್ ಜ್ಯೂಸ್ ಮಾಡಿ ಕುಡಿಸುತ್ತಲೇ ಇದ್ದಾರೆ. ಈ ಕಣ ಹುಟ್ಟುವುದಾದರೂ ಎಲ್ಲಿ?

ಹಳೇ ಲ್ಯಾಬ್‌ನವನು:
ಸೊಂಟದಲ್ಲೇ ಕಣಮ್ಮ! 26 ವರ್ಷ ಮೈಕ್ರೋಸ್ಕೋಪ್ ಮುಂದೆ ಕೂತವನು ನಾನು. ಸೊಂಟದ ಮೂಳೆ, ಬೆನ್ನುಮೂಳೆ, ಪಕ್ಕೆಲುಬು, ಎದೆಮೂಳೆ, ಇವುಗಳ ಒಳಗಿನ ಕೆಂಪು ಮಜ್ಜೆಯಲ್ಲಿ ರಕ್ತ ತಯಾರಾಗುತ್ತದೆ. ಮಕ್ಕಳಲ್ಲಿ ಕೈಕಾಲಿನ ಮೂಳೆಗಳಲ್ಲೂ ಆಗುತ್ತದೆ. ದೊಡ್ಡವರಾದ ಮೇಲೆ ಅಲ್ಲಿ ತುಂಬಿಕೊಳ್ಳುವುದು ಜಾಸ್ತಿ ಕೊಬ್ಬು. ಮಟನ್ ಸಾರಿನ ನಲ್ಲಿ ಮೂಳೆ ಅಷ್ಟು ರುಚಿ ಯಾಕೆ ಅಂದುಕೊಂಡಿರಿ?

ಕೆಂಪು ಕಣ, ಬಿಳಿ ಕಣ, ಪ್ಲೇಟ್‌ಲೆಟ್ ಎಲ್ಲದಕ್ಕೂ ಮೂಲ ಒಂದೇ, ಸ್ಟೆಮ್ ಸೆಲ್. ಬಿಳಿ ಕಣಗಳಲ್ಲಿ ಜಾಸ್ತಿ ಇರುವುದು ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್. ಮಜ್ಜೆ ದಿನಕ್ಕೆ ಸುಮಾರು 10,000 ಕೋಟಿ ನ್ಯೂಟ್ರೋಫಿಲ್ ಮಾಡುತ್ತದೆ. ಕೆಂಪು ಕಣ 120 ದಿನ ಬಾಳಿದರೆ ಇದು ರಕ್ತಕ್ಕೆ ಇಳಿದ ಮೇಲೆ ಹೆಚ್ಚು ದಿನ ಬಾಳುವುದಿಲ್ಲ. ಕೀಮೋ ಬೇಗ ಬೇಗ ಒಡೆದು ಹೆಚ್ಚುವ ಕಣಗಳನ್ನೇ ಹೊಡೆಯುತ್ತದೆ. ಹಾಗಾಗಿ ತಯಾರಿಕೆ ನಿಂತ ಸ್ವಲ್ಪ ದಿನಕ್ಕೇ ಇವುಗಳ ಲೆಕ್ಕ ಬಿದ್ದುಹೋಗುತ್ತದೆ.

ಕೊಟ್ಟಿರುವ ಇಂಜೆಕ್ಷನ್ ಬಹುಶಃ ಜಿ-ಸಿಎಸ್‌ಎಫ್. 'ಬೇಗ ಮಾಡು' ಅಂತ ಮಜ್ಜೆಗೆ ಹೇಳಲು ದೇಹವೇ ಬಳಸುವ ವಸ್ತು ಅದು. ಮಜ್ಜೆ ಒಮ್ಮೆಲೇ ಚುರುಕಾದಾಗ ಮೂಳೆ ನೋಯುತ್ತದೆ. ಆ ಹೊತ್ತಿನಲ್ಲಿ ಲೀಶ್‌ಮನ್ ಬಣ್ಣ ಹಾಕಿದ ರಕ್ತದ ಸ್ಲೈಡ್ ನೋಡಬೇಕು! ಬಲಿತ ನ್ಯೂಟ್ರೋಫಿಲ್‌ನ ನೇರಳೆ ಕೇಂದ್ರ ಮೂರು ನಾಲ್ಕು ತುಂಡಾಗಿ ಕಾಣುತ್ತದೆ. ಇಲ್ಲಿ ಎಳೆಯವು ಬಲಿಯುವ ಮುಂಚೆಯೇ ಹೊರಟು ಬಂದಿರುತ್ತವೆ, ಕೇಂದ್ರ ಕುದುರೆ ಲಾಳದ ಹಾಗೆ ಬಾಗಿರುತ್ತದೆ. ನನಗೆ ಅದನ್ನು ಕಂಡರೆ ಖುಷಿ.

ಬೀಟ್‌ರೂಟ್ ಬಣ್ಣ ಕೆಂಪು ಅಷ್ಟೇ. ಬಿಳಿ ಕಣ ಅದರಿಂದ ಏರುವುದಿಲ್ಲ.

ಹೊಸಪೇಟೆ ಸೊಸೆ:
ನಮ್ಮತ್ತೆಗೂ ಹೀಗೇ ಆಗಿತ್ತು. ನೋವಿಗೆ ಮಾತ್ರೆ ಕೊಡುವ ಮುಂಚೆ ಜ್ವರ ನೋಡಿ, ಡಾಕ್ಟರಿಗೂ ಕೇಳಿ. ಪ್ಯಾರಾಸಿಟಮಾಲ್ ಕೊಟ್ಟರೆ ಜ್ವರ ಇದ್ದರೂ ಗೊತ್ತಾಗುವುದಿಲ್ಲ. 100.4 ಡಿಗ್ರಿ ಮುಟ್ಟಿದರೆ ಬೆಳಗಾಗಲಿ ಅಂತ ಕಾಯಬೇಡಿ, ರಾತ್ರಿಯೇ ಆಸ್ಪತ್ರೆಗೆ ಹೋಗಿ. ಹೊರಗಿನ ಜ್ಯೂಸ್ ಅಂತೂ ಬೇಡವೇ ಬೇಡ.

ಮಲೆನಾಡ ಹುಡುಗಿ:
ಥರ್ಮಾಮೀಟರ್ ತಂದೆ ಅಕ್ಕಾ, ಈಗ 98.8 ಇದೆ. ಸಾರ್, ಕುದುರೆ ಲಾಳದ ವಿಷಯ ಅಮ್ಮನಿಗೆ ಓದಿ ಹೇಳಿದೆ. 'ಹಾಗಾದ್ರೆ ನೋಯಲಿ ಬಿಡು' ಅಂದರು. ಚಿಕ್ಕಮ್ಮನಿಗೆ ಬೀಟ್‌ರೂಟ್ ವಿಷಯ ಹೇಳುವ ಧೈರ್ಯ ಇನ್ನೂ ಬಂದಿಲ್ಲ.