ಕಾರಿನ ಮೇಲೆ ಕಯಾಕ್ ಕಟ್ಟುವ ಪಟ್ಟಿಗಳನ್ನು ನಾವೇ ಮಾಡಿಕೊಳ್ಳಬಹುದೇ?

ಹುಟ್ಟುಗೋಲು, ತುಮಕೂರು

ಎಲ್ಲರಿಗೂ ನಮಸ್ಕಾರ. ನಮ್ಮಲ್ಲಿ ಹತ್ತು ಅಡಿ ಉದ್ದದ, ಸುಮಾರು 22 ಕೆ.ಜಿ. ತೂಗುವ ಪ್ಲಾಸ್ಟಿಕ್ ಕಯಾಕ್ (ಹುಟ್ಟು ಹಾಕಿ ನಡೆಸುವ ಸಣ್ಣ ದೋಣಿ) ಒಂದಿದೆ. ವರ್ಷಕ್ಕೆ ಎರಡು ಮೂರು ಬಾರಿ ಅದನ್ನು ಸಣ್ಣ ಕಾರಿನ ಮೇಲೆ ಕಟ್ಟಿಕೊಂಡು, ಮಗಳನ್ನೂ ಕರೆದುಕೊಂಡು, ಶರಾವತಿ ಹಿನ್ನೀರಿನ ಹೊನ್ನೆಮರಡು ಕಡೆಗೆ ಹೋಗುತ್ತೇನೆ. ಬಿ.ಎಚ್. ರಸ್ತೆಯಲ್ಲಿ ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು ದಾಟಿ ಶಿವಮೊಗ್ಗ, ಅಲ್ಲಿಂದ ಸಾಗರ. ಒಟ್ಟು ಇನ್ನೂರೈವತ್ತು ಕಿಲೋಮೀಟರಿಗೂ ಮಿಗಿಲಾದ ದಾರಿ. ಮೇಲೆ ಸ್ಥಳೀಯವಾಗಿ ವೆಲ್ಡ್ ಮಾಡಿಸಿದ, ಚೌಕ ಪೈಪಿನ ಎರಡು ಅಡ್ಡ ಸರಳುಗಳ ಕ್ಯಾರಿಯರ್ ಇದೆ.

ಕಳೆದ ಮಳೆಗಾಲದಲ್ಲಿ ನೈಲಾನ್ ಹಗ್ಗದಿಂದ ಕಟ್ಟಿದ್ದೆ. ಲಾರಿಗೆ ಕಟ್ಟುವ ಹಗ್ಗವಿದು, ಎಷ್ಟು ಎಳೆದರೂ ಜಗ್ಗುವುದಿಲ್ಲ ಎಂದು ಅಂಗಡಿಯವರು ಭರವಸೆ ಕೊಟ್ಟಿದ್ದರು. ಬೆಳಿಗ್ಗೆ ಮನೆಯ ಮುಂದೆ ಬೆರಳಿನಿಂದ ಮೀಟಿದರೆ ತಂತಿಯಂತೆ ಮಿಡಿಯುತ್ತಿದ್ದ ಆ ಹಗ್ಗ, ಕಡೂರಿನ ನಂತರ ಒಂದು ಗಂಟೆ ಮಳೆಯಲ್ಲಿ ನೆನೆದ ಮೇಲೆ ಸಡಿಲವಾಗಿತ್ತು. ತರೀಕೆರೆಯ ಹತ್ತಿರ ಮಗಳು "ಅಪ್ಪಾ, ಮೂತಿ ಪಕ್ಕಕ್ಕೆ ಸರಿದಿದೆ" ಎಂದಾಗ ಗಾಡಿ ನಿಲ್ಲಿಸಿ ನೋಡಿದೆ. ಕಯಾಕಿನ ಮುಂಭಾಗ ಬಲಕ್ಕೆ ಒಂದು ಗೇಣು ಸರಿದಿತ್ತು, ಹಗ್ಗದ ಕೆಳಗೆ ನನ್ನ ಮುಷ್ಟಿ ಸಲೀಸಾಗಿ ತೂರುತ್ತಿತ್ತು. ಹಿಂದೆ ಬೈಕಿನಲ್ಲಿ ಗಂಡ ಹೆಂಡತಿ, ಅವರ ನಡುವೆ ಮಗು ಬರುತ್ತಿದ್ದರು. ಆ ದೃಶ್ಯ ಈಗಲೂ ನನ್ನನ್ನು ಬಿಟ್ಟಿಲ್ಲ.

ಸಿದ್ಧ ಪಟ್ಟಿಗಳ ಅಳತೆ ನನ್ನ ಕ್ಯಾರಿಯರ್‌ಗೆ ಹೊಂದುತ್ತಿಲ್ಲವಾದ್ದರಿಂದ ಬ್ಯಾಗ್ ಹೊಲಿಯುವವರ ಬಳಿ ಸಿಗುವ ಪಟ್ಟಿಯನ್ನು ತಂದು ನಾನೇ ಹೊಲಿಸಿಕೊಳ್ಳಬೇಕೆಂದಿದ್ದೇನೆ. ಯಾವ ನೂಲಿನ ಪಟ್ಟಿ ತರಬೇಕು, ಹೊಲಿಗೆ ಹೇಗಿರಬೇಕು, ಬಂಪರ್ ಕೆಳಗೆ ಕೊಕ್ಕೆಯೇ ಕಾಣದ ಕಾರಿನಲ್ಲಿ ಮೂತಿಯನ್ನು ಎಲ್ಲಿಗೆ ಕಟ್ಟಬೇಕು ಎಂಬುದನ್ನು ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಸೂಜಿದಾರ, ತುಮಕೂರು

ನಾನು ಸೀಟ್ ಕವರ್ ಮತ್ತು ಬ್ಯಾಗ್ ಹೊಲಿಯುವ ಕೆಲಸ ಮಾಡುವವನು, ಆದ್ದರಿಂದ ಪಟ್ಟಿ ಮತ್ತು ಹೊಲಿಗೆಯ ಬಗ್ಗೆ ಮಾತ್ರ ಹೇಳುತ್ತೇನೆ.

ನಿಮ್ಮ ಹಗ್ಗ ಸಡಿಲವಾದದ್ದು ಗಂಟಿನ ತಪ್ಪಿನಿಂದಲ್ಲ. ನೈಲಾನ್ ಸ್ವಭಾವತಃ ಹಿಗ್ಗುವ ನೂಲು, ಅದು ನೀರನ್ನು ಹೀರಿ ನೆನೆದಾಗ ಮತ್ತಷ್ಟು ಹಿಗ್ಗುತ್ತದೆ. ನಿಮಗೆ ಬೇಕಾದದ್ದು ಪಾಲಿಯೆಸ್ಟರ್ ಪಟ್ಟಿ. ಕಾರಿನ ಸೀಟ್ ಬೆಲ್ಟ್ ಅದೇ ನೂಲಿನದು. ಅದು ಕಡಿಮೆ ಜಗ್ಗುತ್ತದೆ, ನೀರನ್ನು ಹೆಚ್ಚು ಕುಡಿಯುವುದಿಲ್ಲ, ಬಿಸಿಲನ್ನೂ ಚೆನ್ನಾಗಿ ತಡೆಯುತ್ತದೆ. ಬ್ಯಾಗ್ ಸಾಮಗ್ರಿಯ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಪಟ್ಟಿಗಳಲ್ಲಿ ಬಹಳಷ್ಟು ಪಾಲಿಪ್ರೊಪಿಲೀನ್ ಆಗಿರುತ್ತವೆ. ಅವು ಬಿಸಿಲಿಗೆ ಬೇಗ ಒಣಗಿ ಪುಡಿಯಾಗುತ್ತವೆ, ಹಾಗಾಗಿ ಈ ಕೆಲಸಕ್ಕೆ ಬೇಡ. ಗುರುತಿಸುವುದು ಸುಲಭ: ಒಂದು ಅಂಗುಲ ಕತ್ತರಿಸಿ, ಲೋಟದ ನೀರಿನೊಳಗೆ ಬೆರಳಿನಿಂದ ಹಿಸುಕಿ ಗಾಳಿಗುಳ್ಳೆಗಳನ್ನೆಲ್ಲ ಹೊರಡಿಸಿ ಬಿಡಿ. ಪಾಲಿಪ್ರೊಪಿಲೀನ್ ಮೇಲಕ್ಕೆ ತೇಲಿ ಬರುತ್ತದೆ, ನೈಲಾನ್ ಮತ್ತು ಪಾಲಿಯೆಸ್ಟರ್ ಮುಳುಗುತ್ತವೆ. ಮುಳುಗುವ ಎರಡನ್ನು ಬೇರ್ಪಡಿಸಲು ಒಂದು ಮೀಟರ್ ಪಟ್ಟಿಯನ್ನು ರಾತ್ರಿಯಿಡೀ ನೆನೆಸಿ, ತುಂಬಿದ ಬಿಂದಿಗೆಯನ್ನು ತೂಗುಹಾಕಿ ಅಳೆಯಿರಿ. ಒಣಗಿದ್ದಾಗ ಅದೇ ಬಿಂದಿಗೆಗೆ ಬಂದ ಅಳತೆಗಿಂತ ಸ್ಪಷ್ಟವಾಗಿ ಉದ್ದವಾಗಿದ್ದರೆ ಅದು ನೈಲಾನ್.

ಇನ್ನು ಹೊಲಿಗೆ. ನಾನು ಕಂಡಂತೆ ಪಟ್ಟಿ ನಡುವೆ ಹರಿಯುವುದು ಅಪರೂಪ, ಬಿಟ್ಟುಕೊಳ್ಳುವುದು ಬಕಲ್ ಹಾಕಿ ಮಡಿಸಿ ಹೊಲಿದ ಜಾಗದಲ್ಲಿ. ಬಕಲ್‌ನ ಕಂಬಿಯೊಳಗೆ ಪಟ್ಟಿಯನ್ನು ತೂರಿಸಿ ಏಳೆಂಟು ಸೆಂಟಿಮೀಟರ್ ಹಿಂದಕ್ಕೆ ಮಡಿಸಿ, ನಾಲ್ಕೂ ಬದಿ ಚೌಕವಾಗಿ ಹೊಲಿದು, ಆ ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೆರೆ ಹಾಕಿಸಿ. ಹತ್ತಿಯ ದಾರ ಒದ್ದೆಯಾಗಿ ಕೊಳೆಯುತ್ತದೆ, ಆದ್ದರಿಂದ ದಪ್ಪ ಪಾಲಿಯೆಸ್ಟರ್ ದಾರವೇ ಆಗಬೇಕು. ಮನೆಯ ಬಟ್ಟೆ ಹೊಲಿಗೆ ಯಂತ್ರದಲ್ಲಿ ಇದು ಆಗದು. ಹೊಲಿಗೆ ತೀರಾ ಒತ್ತಾಗಿದ್ದರೆ ಸೂಜಿಯ ತೂತುಗಳೇ ಪಟ್ಟಿಯನ್ನು ಕತ್ತರಿಸಿದಂತಾಗುತ್ತದೆ, ಇದನ್ನು ಹೊಲಿಯುವವರಿಗೆ ಮೊದಲೇ ಹೇಳಿ. ಕಪ್ಪು ಪಟ್ಟಿಗೆ ಬಿಳಿ ದಾರ ಹಾಕಿಸಿ. ಒಂದು ಎಳೆ ಹರಿದರೂ ದೂರದಿಂದಲೇ ಕಣ್ಣಿಗೆ ಬೀಳುತ್ತದೆ.

ಬಕಲ್ ಮಾತ್ರ ದುಡ್ಡು ಕೊಟ್ಟು ಒಳ್ಳೆಯದನ್ನೇ ತನ್ನಿ. ಶಾಲಾ ಬ್ಯಾಗಿನ ಪ್ಲಾಸ್ಟಿಕ್ ಬಕಲ್ ಖಂಡಿತ ಬೇಡ. ಹೆಬ್ಬೆರಳಿನಿಂದ ಒತ್ತಿದರೆ ಬಿಡುವ, ಹಲ್ಲುಳ್ಳ ಲೋಹದ ಕ್ಯಾಮ್ ಬಕಲ್ ಇರಲಿ, ಅದರ ಅಗಲವೂ ಪಟ್ಟಿಯ ಅಗಲವೂ ಒಂದೇ ಇರಲಿ.

ಗುಬ್ಬಿ ರಸ್ತೆ

ಮೇಲಿನವರ ಮಾತಿಗೆ ನನ್ನ ಪೂರ್ಣ ಒಪ್ಪಿಗೆಯಿದೆ. ಕಟ್ಟುವ ಕ್ರಮದ ಬಗ್ಗೆ ನಾನು ಸೇರಿಸುತ್ತೇನೆ.

ಗಂಟೆಗೆ 80 ಕಿ.ಮೀ. ವೇಗದಲ್ಲಿ ಎದುರುಗಾಳಿಯ ಒತ್ತಡ ಪ್ರತಿ ಚದರ ಮೀಟರಿಗೆ ಸುಮಾರು 30 ಕೆ.ಜಿ. ಭಾರದಷ್ಟಿರುತ್ತದೆ, 40ರಲ್ಲಿ ಅದರ ಕಾಲು ಭಾಗ ಮಾತ್ರ. ವೇಗ ಇಮ್ಮಡಿಯಾದರೆ ಗಾಳಿಯ ಬಲ ನಾಲ್ಕು ಪಟ್ಟಾಗುತ್ತದೆ. ಎದುರಿನಿಂದ ಲಾರಿ ಹಾದುಹೋದಾಗ ಈ ಬಲ ಒಮ್ಮೆಲೇ ಪಕ್ಕದಿಂದ ಬಂದು ತಳ್ಳುತ್ತದೆ. ಹೀಗಾಗಿ ಹೊಟ್ಟೆಯ ಮೇಲೆ ಹಾಕುವ ಎರಡು ಪಟ್ಟಿಗಳು ಕಯಾಕನ್ನು ಕ್ಯಾರಿಯರ್‌ಗೆ ಒತ್ತಿ ಹಿಡಿಯುತ್ತವೆ, ಮೂತಿ ಮತ್ತು ಬಾಲಕ್ಕೆ ಕಟ್ಟುವ ಹಗ್ಗಗಳು ಅದು ಅತ್ತಿತ್ತ ತಿರುಗದಂತೆ ತಡೆಯುತ್ತವೆ. ಒಂದರ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ನಿಮ್ಮ ಕಯಾಕ್ ಒಂದು ಗೇಣು ಸರಿದದ್ದು ಮೂತಿಗೆ ಹಗ್ಗವಿಲ್ಲದ್ದರಿಂದಲೇ ಇರಬೇಕು.

ಒಂದೊಂದು ಪಟ್ಟಿ ನಾಲ್ಕು ಮೀಟರ್ ಇರಲಿ. ಕಯಾಕಿನ ಮೇಲಿಂದ ಎಸೆದು, ಆಚೆ ಬದಿಯಲ್ಲಿ ಸರಳಿನ ಕೆಳಗೆ ಸುತ್ತಿ, ಮತ್ತೆ ಮೇಲಿಂದ ತಂದು, ಈಚೆ ಬದಿಯಲ್ಲಿ ಅದೇ ಸರಳಿನ ಕೆಳಗೆ ಹಾಯಿಸಿ ಬಕಲ್‌ಗೆ ಸೇರಿಸಬೇಕು. ಪಟ್ಟಿ ಸುತ್ತುವ ಜಾಗ ಕಯಾಕಿಗೂ ಕ್ಯಾರಿಯರಿನ ಕಾಲಿಗೂ ನಡುವೆ ಇರಬೇಕು. ಕಾಲಿನಿಂದ ಹೊರಗೆ ಸುತ್ತಿದರೆ ಸರಳಿನ ತುದಿಯಿಂದ ಕಳಚಿಕೊಳ್ಳುವ ಅಪಾಯವಿದೆ. ನಿಮ್ಮದು ಚೌಕ ಪೈಪು ಎಂದಿದ್ದೀರಿ, ಅದರ ಅಂಚು ಪಟ್ಟಿಯನ್ನು ದಿನದಿನಕ್ಕೆ ಸವೆಸುತ್ತದೆ. ಹಳೆಯ ಸೈಕಲ್ ಟ್ಯೂಬನ್ನು ಸೀಳಿ ಆ ಜಾಗಕ್ಕೆ ಬಿಗಿಯಾಗಿ ಸುತ್ತಿ. ಬಕಲ್‌ನ ಕೆಳಗೂ ಒಂದು ತುಂಡು ಟ್ಯೂಬ್ ಇರಲಿ. ಆದರೆ ಟ್ಯೂಬನ್ನಾಗಲಿ, ಸ್ಕೂಟರಿನ ಎಲಾಸ್ಟಿಕ್ ಹಗ್ಗವನ್ನಾಗಲಿ ಕಟ್ಟುವುದಕ್ಕೇ ಬಳಸಬೇಡಿ. ಪಟ್ಟಿಯನ್ನು ಒಂದು ಸುತ್ತು ತಿರುಚಿ ಬಿಗಿದರೆ ಗಾಳಿಗೆ ಪಟಪಟನೆ ಬಡಿದುಕೊಂಡು ಗುಂಯ್ಗುಡುವುದು ನಿಲ್ಲುತ್ತದೆ.

ಮೂತಿಯನ್ನು ಕಟ್ಟಲು ಬಾನೆಟ್ ಕುಣಿಕೆ ಮಾಡಿಕೊಳ್ಳಿ. ಬಾನೆಟ್ ಎತ್ತಿದರೆ ಎರಡೂ ಬದಿಯಲ್ಲಿ ಫೆಂಡರ್ ತಗಡನ್ನು ಹಿಡಿದಿರುವ ಬೋಲ್ಟ್‌ಗಳ ಸಾಲು ಕಾಣುತ್ತದೆ. ಅರ್ಧ ಮೀಟರ್ ಪಟ್ಟಿಯನ್ನು ಮಡಿಸಿ, ಎರಡು ತುದಿಗಳನ್ನು ಜೋಡಿಸಿ, ಕಾಯಿಸಿದ ಮೊಳೆಯಿಂದ ಒಂದು ತೂತು ಮಾಡಿ. ಕತ್ತರಿಯಿಂದ ಮಾಡಿದ ತೂತು ಎಳೆ ಬಿಡುತ್ತದೆ, ಕಾದ ಮೊಳೆಯ ತೂತಿನ ಅಂಚು ಕರಗಿ ಗಟ್ಟಿಯಾಗುತ್ತದೆ. ಬೋಲ್ಟ್ ಬಿಚ್ಚಿ, ಅಗಲವಾದ ವಾಷರ್ ಹಾಕಿ, ಪಟ್ಟಿಯನ್ನು ಅದರ ಕೆಳಗೆ ಬಿಗಿಯಿರಿ. ಕುಣಿಕೆಯನ್ನು ಹೊರಗೆ ಬಿಟ್ಟು ಬಾನೆಟ್ ಮುಚ್ಚಿ, ಬೇಡವಾದಾಗ ಒಳಗೆ ಮಡಚಿಡಿ. ಬೋಲ್ಟ್ ಲೋಹದೊಳಗೆ ಕೂತಿದೆಯೇ, ಬರೀ ಪ್ಲಾಸ್ಟಿಕ್ ಹೊದಿಕೆಯನ್ನು ಹಿಡಿದಿದೆಯೇ ಎಂಬುದನ್ನು ನೋಡಿಕೊಳ್ಳದೆ ಮುಂದುವರಿಯಬೇಡಿ. ಮೂತಿಯಿಂದ ಎರಡೂ ಕುಣಿಕೆಗಳಿಗೆ ಹಗ್ಗ ಕಟ್ಟಿದರೆ ಕಯಾಕ್ ಎರಡೂ ಕಡೆಗೆ ಹಿಡಿತದಲ್ಲಿರುತ್ತದೆ. ಹಿಂದೆ ಡಿಕ್ಕಿಯ ಕಡೆಯೂ ಇದೇ ಕ್ರಮ.

ಹೊರಟ ಮೇಲೆ ಗುಬ್ಬಿಯಲ್ಲಿ, ಅಂದರೆ ಸುಮಾರು 20 ಕಿ.ಮೀ.ಗೆ, ಒಮ್ಮೆ ನಿಲ್ಲಿಸಿ ಬಿಗಿ ಮಾಡಿ. ಹೊಸ ಪಟ್ಟಿ ಕೂರುವುದು ಆ ಮೊದಲ ಹಾದಿಯಲ್ಲೇ. ಆಮೇಲೆ ತಿಪಟೂರಿನಲ್ಲಿ, ಮತ್ತು ಮಳೆ ಬಂದಾಗಲೆಲ್ಲ.

ತಿಪಟೂರು ತೆಂಗು

ನಮ್ಮ ಊರಿನಲ್ಲಿ ನಾರಿನ ಹಗ್ಗಕ್ಕೆ ಕೊರತೆಯಿಲ್ಲ, ನನಗೆ ಅದರ ಮೇಲೆ ಅಭಿಮಾನವೂ ಇದೆ. ಆದರೆ ಈ ಕೆಲಸಕ್ಕೆ ಅದನ್ನು ಬಳಸಬೇಡಿ. ತೆಂಗಿನ ನಾರು ಎಳೆದಷ್ಟೂ ಹಿಗ್ಗುತ್ತದೆ, ಪ್ಲಾಸ್ಟಿಕ್ಕನ್ನೂ ಕಾರಿನ ಬಣ್ಣವನ್ನೂ ಕೆರೆಯುತ್ತದೆ.

ರಾಟ್ಚೆಟ್ ಪಟ್ಟಿಯ ಬಗ್ಗೆ ಯಾರೂ ಹೇಳಲಿಲ್ಲ. ಅದರ ಹಿಡಿಕೆ ನಾಲ್ಕು ಸಲ ಎಳೆದರೆ ನಮಗೆ ಅರಿವಿಲ್ಲದೆಯೇ ವಿಪರೀತ ಬಿಗಿಯಾಗುತ್ತದೆ. ನಾನು ಏಪ್ರಿಲ್ ಬಿಸಿಲಿನಲ್ಲಿ ಹಾಗೆ ಬಿಗಿದು ಹೋಗಿ, ಇಳಿಸುವಾಗ ನೋಡಿದರೆ ತಳದಲ್ಲಿ ಸರಳಿನ ಗುರುತು ಒಂದು ಬೆರಳಿನಷ್ಟು ಒಳಗಿಳಿದಿತ್ತು. ತಳವನ್ನು ಮೇಲೆ ಮಾಡಿ ಎರಡು ದಿನ ಬಿಸಿಲಿಗಿಟ್ಟ ಮೇಲೆ ಬಹುಪಾಲು ಸರಿಹೋಯಿತು, ಪೂರ್ತಿ ಹೋಗಲಿಲ್ಲ. ಈಗ ಕಯಾಕನ್ನು ಬೋರಲಾಗಿ, ಅಂಚು ಸರಳಿನ ಮೇಲೆ ಕೂರುವಂತೆ ಇಟ್ಟು, ನಡುವೆ ದಪ್ಪ ಫೋಮ್ ಕೊಟ್ಟು, ಕೈಬಲದಿಂದ ಎಷ್ಟು ಬಿಗಿಯಾಗುತ್ತದೋ ಅಷ್ಟೇ ಬಿಗಿಯುತ್ತೇನೆ. ಹಿಡಿದು ಅಲುಗಾಡಿಸಿದಾಗ ಕಯಾಕಿನ ಜೊತೆಗೆ ಇಡೀ ಕಾರು ಅಲುಗಿದರೆ ಸಾಕು.

ಮೂತಿಯ ಹಗ್ಗಕ್ಕೆ ಲಾರಿಯವರು ಹಾಕುವ ಗಂಟೇ ಶ್ರೇಷ್ಠ. ಹಗ್ಗದ ನಡುವೆ ಒಂದು ಕುಣಿಕೆ ಮಾಡಿ, ತುದಿಯನ್ನು ಕೆಳಗಿನ ಬಾನೆಟ್ ಕುಣಿಕೆಯಲ್ಲಿ ತೂರಿಸಿ, ಮೇಲಿನ ಕುಣಿಕೆಗೆ ತಂದು ಕೆಳಕ್ಕೆ ಎಳೆಯಬೇಕು. ಬಲ ಎಷ್ಟೋ ಪಟ್ಟು ಹೆಚ್ಚುತ್ತದೆ, ಆದ್ದರಿಂದಲೇ ಇಲ್ಲಿ ಸಂಯಮ ಬೇಕು. ಸಡಿಲು ಹೋಗುವಷ್ಟು ಎಳೆದು ನಿಲ್ಲಿಸಿ. ಹೆಚ್ಚು ಎಳೆದರೆ ಕಯಾಕ್ ಬಿಲ್ಲಿನಂತೆ ಬಾಗುತ್ತದೆ.

ಹುಟ್ಟುಗೋಲು, ತುಮಕೂರು

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ನೀವು ಹೇಳಿದಂತೆ ಲೋಟದ ಪರೀಕ್ಷೆ ಮಾಡಿದೆ. ನಾನು ಮೊದಲೇ ತಂದಿಟ್ಟಿದ್ದ ಹನ್ನೆರಡು ಮೀಟರ್ ಪಟ್ಟಿ ತೇಲಿತು, ಅದನ್ನು ಬದಿಗಿಟ್ಟು 25 ಮಿ.ಮೀ. ಅಗಲದ ಪಾಲಿಯೆಸ್ಟರ್ ಪಟ್ಟಿ ತಂದು ಬಿಳಿ ದಾರದಲ್ಲಿ ಹೊಲಿಸಿದ್ದೇನೆ. ಬಾನೆಟ್ ಕುಣಿಕೆಗಳೂ ಸಿದ್ಧವಾಗಿವೆ. ನಿನ್ನೆ ಬಕೆಟ್ ನೀರು ಸುರಿದು ಎಲ್ಲವನ್ನೂ ನೆನೆಸಿ, ಗುಬ್ಬಿಯವರೆಗೆ ಹೋಗಿ ಬಂದೆ. ಹೋಗುವಾಗ ಒಂದು ಪಟ್ಟಿಯನ್ನು ಬೆರಳಗಲದಷ್ಟು ಬಿಗಿ ಮಾಡಬೇಕಾಯಿತು, ಬರುವಾಗ ಏನೂ ಬೇಕಾಗಲಿಲ್ಲ. ಸರಳಿನ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದಿದ್ದೆ, ಕಯಾಕ್ ಆ ಗೆರೆಯನ್ನು ಬಿಟ್ಟು ಕದಲಿರಲಿಲ್ಲ. ಉಳಿದಿರುವುದು ಒಂದೇ ಸಂದೇಹ: ದಾರಿಯಲ್ಲಿ ಪೊಲೀಸರು ತಡೆದರೆ ಏನು ಹೇಳಬೇಕು?

ಗುಬ್ಬಿ ರಸ್ತೆ

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಸಾಮಾನು ವಾಹನದ ಮುಂದಕ್ಕೆ, ಹಿಂದಕ್ಕೆ, ಪಕ್ಕಕ್ಕೆ ಅಥವಾ ಎತ್ತರಕ್ಕೆ ಮಿತಿಮೀರಿ ಚಾಚಿದ್ದರೆ 20,000 ರೂಪಾಯಿ ದಂಡವಿದೆ. ಹತ್ತು ಅಡಿ ಎಂದರೆ ಮೂರು ಮೀಟರಿಗೆ ತುಸು ಹೆಚ್ಚು, ಆದ್ದರಿಂದ ಸರಿಯಾಗಿ ನಡುವೆ ಕಟ್ಟಿದರೆ ನಿಮ್ಮ ಕಾರಿನ ಉದ್ದದೊಳಗೇ ಇರುತ್ತದೆ. ಕಾರಿನ ಕೈಪಿಡಿಯಲ್ಲಿ ಛಾವಣಿ ಹೊರಬಹುದಾದ ಭಾರವನ್ನು ನಮೂದಿಸಿರುತ್ತಾರೆ. ಕ್ಯಾರಿಯರಿನ ತೂಕವನ್ನೂ ಸೇರಿಸಿ ಲೆಕ್ಕ ಹಾಕಿ, ಆ ಪುಟವನ್ನು ಡ್ಯಾಶ್‌ಬೋರ್ಡಿನಲ್ಲೇ ಇಟ್ಟುಕೊಳ್ಳಿ.