ಅಮೆರಿಕದಲ್ಲಿರೋ ಪ್ಲಗ್-ಇನ್ ಕಾರು ದಾನ ಕೊಡೋದು ಹೇಗೆ?

ವಿದ್ಯಾನಗರದ ಮೇಷ್ಟ್ರು, ದಾವಣಗೆರೆ:
ಮಗ ಕ್ಯಾಲಿಫೋರ್ನಿಯಾ ಬಿಟ್ಟು ಊರಿಗೆ ವಾಪಸ್ ಬರ್ತಿದ್ದಾನೆ. ಅವನ ಹತ್ರ 2014ರ ಷೆವರ್ಲೆ ವೋಲ್ಟ್ ಇದೆ. ಕರೆಂಟೂ ಬೇಕು, ಪೆಟ್ರೋಲೂ ಬೇಕು ಅದಕ್ಕೆ. ಬ್ಯಾಟರಿ ಸೊರಗಿದೆ, ಡೀಲರ್ ಹೇಳಿದ ರೇಟು ಕೇಳಿ ಬೇಜಾರಾಗಿ ಅಲ್ಲೇ ದಾನ ಕೊಡ್ತೀನಿ ಅಂತಾನೆ. ತೆರಿಗೆ ಏನಾದ್ರೂ ಉಳಿಯುತ್ತಾ? ಇಲ್ಲಿಗೇ ತರಿಸಿ ನಮ್ಮೂರ ಅನಾಥಾಶ್ರಮಕ್ಕೆ ಕೊಡಿ ಅನ್ನೋದು ನಮ್ಮ ಮನೆಯವರ ವಾದ.

ಎಂಸಿಸಿ ಬಿ ಬ್ಲಾಕ್:
ತರಿಸೋ ಮಾತು ಬಿಡಿ ಸರ್. ಮೂರು ವರ್ಷ ದಾಟಿದ ಹಳೇ ಕಾರು, ಅದೂ ಎಡಗಡೆ ಸ್ಟೇರಿಂಗ್, ಆಮದಿಗೆ ಬಿಡಲ್ಲ.
ಅಲ್ಲಿ ಕೊಡೋದಾದ್ರೆ ಸಂಸ್ಥೆಗೆ 501(ಸಿ)(3), ಅಂದ್ರೆ ದಾನಕ್ಕೆ ತೆರಿಗೆ ವಿನಾಯಿತಿ ಸಿಗೋ ಸೇವಾ ಸಂಸ್ಥೆ ಅನ್ನೋ ಮಾನ್ಯತೆ ಇದೆಯಾ ನೋಡಿ. ಬಹುತೇಕರು ಕಾರನ್ನು ಹರಾಜು ಹಾಕ್ತಾರೆ. 500 ಡಾಲರ್ ಮೇಲೆ ಹೋದ್ರೆ, ಹರಾಜಲ್ಲಿ ಬಂದ ಮೊತ್ತಕ್ಕಷ್ಟೇ ವಿನಾಯಿತಿ, ನಾವು ಅಂದುಕೊಂಡ ಬೆಲೆಗಲ್ಲ. ಕಾರು ದಾನಕ್ಕೆ ಸಂಸ್ಥೆ ಕೊಡೋ ರಸೀದಿ, 1098-ಸಿ ಫಾರಂ, ಮರೀದೆ ಇಸ್ಕೊಳ್ಳಲಿ. ಖರ್ಚು-ದಾನದ ಲೆಕ್ಕ ಬಿಡಿಬಿಡಿಯಾಗಿ ತೋರಿಸದೆ ಒಂದೇ ನಿಗದಿತ ಕಡಿತ (ಸ್ಟ್ಯಾಂಡರ್ಡ್ ಡಿಡಕ್ಷನ್) ತಗೊಳ್ಳೋನಾದ್ರೆ ಸಿಗೋದು ಸೊನ್ನೆ. ಮುಖ್ಯವಾಗಿ, ಕೈಬದಲಾದ 5 ದಿನದೊಳಗೆ ಡಿಎಂವಿಗೆ (ಅಲ್ಲಿನ ಆರ್‌ಟಿಓ ಇದ್ದಂಗೆ) ತಿಳಿಸಬೇಕು. ಇಲ್ಲಾಂದ್ರೆ ಯಾರದೋ ಪಾರ್ಕಿಂಗ್ ದಂಡ ಇವನ ತಲೆಗೆ.

ಕೋಟೆ ರಸ್ತೆ, ಚಿತ್ರದುರ್ಗ:
ಆಶ್ರಮಕ್ಕೆ ದುಡ್ಡೇ ಕೊಡಿ ಮೇಷ್ಟ್ರೇ. ದಾನಕ್ಕೆ ಇಲ್ಲಿ ಸಿಗೋ ತೆರಿಗೆ ವಿನಾಯಿತಿ (80ಜಿ ಅಂತಾರೆ) ವಸ್ತುದಾನಕ್ಕೆ ಅನ್ವಯಿಸಲ್ಲ. ನಗದಾದ್ರೆ 2000 ರೂಪಾಯಿ ಮೀರಬಾರದು, ಚೆಕ್ ಬರೀರಿ. ಹೊಸ ತೆರಿಗೆ ಪದ್ಧತಿಯಲ್ಲಿದ್ರೆ ಅದೂ ಇಲ್ಲ. ಪುಣ್ಯಕ್ಕೇನೂ ಮಿತಿ ಇಲ್ಲ ಬಿಡಿ.

ವಿದ್ಯಾನಗರದ ಮೇಷ್ಟ್ರು:
ಮನೆಯವರಿಗೆ ಓದಿ ಹೇಳಿದೆ, ಒಪ್ಪಿದ್ರು. ಡಿಕ್ಕಿಯಲ್ಲಿರೋ ಚಾರ್ಜಿಂಗ್ ಕೇಬಲ್ ಇಟ್ಕೋಬಹುದಾ? ಮಗ ಕೇಳ್ತಿದ್ದಾನೆ.

ಎಂಸಿಸಿ ಬಿ ಬ್ಲಾಕ್:
ಅದನ್ನೂ ಕೊಟ್ಟುಬಿಡಲಿ ಸರ್. ಕೇಬಲ್ ಇಲ್ಲದ ಗಾಡಿಗೆ ಹರಾಜಲ್ಲಿ ರೇಟು ಬರಲ್ಲ. ಅಲ್ಲಿನ 120 ವೋಲ್ಟ್ ಪ್ಲಗ್ ಇಲ್ಲಿ ತಂದು ಏನು ಮಾಡ್ತಾನೆ?